ಬಿಸಿಲ ರಜೆಯಲ್ಲಿ ಟೆಲಿಸ್ಕೋಪ್: ಸೂರ್ಯನನ್ನು ನೋಡಿ, ಕಣ್ಣನ್ನು ಕಾಪಾಡಿ

ಏಪ್ರಿಲ್ ಬಂತೆಂದರೆ ಮಕ್ಕಳಿಗೆ ರಜೆ. ಕೆಲವರು ಅಜ್ಜಿಮನೆಗೆ, ಕೆಲವರು ಘಟ್ಟದ ಮೇಲಿನ ತಂಪು ಊರುಗಳಿಗೆ, ಇನ್ನು ಕೆಲವರು ತಂದೆ ದುಡಿಯುತ್ತಿರುವ ಗಲ್ಫ್ ನಾಡಿಗೆ ಹೊರಡುತ್ತಾರೆ. ಈಗ ಕೆಲವು ಸಾವಿರ ರೂಪಾಯಿಗೆ ಆನ್‌ಲೈನ್‌ನಲ್ಲಿ ಸಣ್ಣ ಟೆಲಿಸ್ಕೋಪ್ ಸಿಗುತ್ತದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದ ಮಗುವಿಗೆ ಅದನ್ನೇ ಉಡುಗೊರೆಯಾಗಿ ಕೊಡುವವರೂ ಇದ್ದಾರೆ. ಒಳ್ಳೆಯ ಉಡುಗೊರೆಯೇ. ರಾತ್ರಿ ಚಂದ್ರನ ಕುಳಿಗಳನ್ನು ನೋಡಿ ಕುಣಿದಾಡಿದ ಮಗು ಮರುದಿನ ಹಗಲು ಸಹಜವಾಗಿಯೇ ಕೇಳುತ್ತದೆ: "ಉಮ್ಮಾ, ಇದರಲ್ಲಿ ಸೂರ್ಯನನ್ನು ನೋಡಬಹುದಾ?"

ನೋಡಬಹುದು. ಆದರೆ ಅದಕ್ಕೊಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಕಣ್ಣು ಕ್ಷಣಾರ್ಧದಲ್ಲಿ ಹೋಗುತ್ತದೆ. ಚಂದ್ರನನ್ನು ತೋರಿಸಿದ ಅದೇ ಟೆಲಿಸ್ಕೋಪನ್ನು ಹಾಗೆಯೇ ಸೂರ್ಯನತ್ತ ತಿರುಗಿಸಿ ಕಣ್ಣಿಟ್ಟರೆ ಮಗುವಿನ ದೃಷ್ಟಿಗೆ ಮತ್ತೆ ಸರಿಪಡಿಸಲಾಗದ ಹಾನಿಯಾಗಬಹುದು. ಆದ್ದರಿಂದ ಮನೆಗೆ ಟೆಲಿಸ್ಕೋಪ್ ತರುವ ಮೊದಲೇ ಹಿರಿಯರು ಈ ವಿಷಯ ತಿಳಿದಿರಬೇಕು.

ಕಣ್ಣಿನ ಒಳಗೆ ಏನಾಗುತ್ತದೆ?

ಚಿಕ್ಕಂದಿನಲ್ಲಿ ಬೂದುಗಾಜಿನಿಂದ ಬಿಸಿಲನ್ನು ಒಂದು ಬಿಂದುವಿನಲ್ಲಿ ಸೇರಿಸಿ ಕಾಗದ ಸುಟ್ಟ ನೆನಪು ಹಲವರಿಗಿರಬಹುದು. ನಮ್ಮ ಕಣ್ಣಿನ ಮುಂಭಾಗದಲ್ಲೂ ಅಂಥದೇ ಒಂದು ಮಸೂರವಿದೆ. ಅದು ಬೆಳಕನ್ನು ಒಟ್ಟುಗೂಡಿಸಿ ಕಣ್ಣಿನ ಹಿಂಭಾಗದ ತೆಳುವಾದ ಪರದೆಯ ಮೇಲೆ, ಅಂದರೆ ರೆಟಿನಾದ ಮೇಲೆ ಬೀಳಿಸುತ್ತದೆ. ನಾವು ನೇರವಾಗಿ ಯಾವುದನ್ನು ದಿಟ್ಟಿಸುತ್ತೇವೋ ಅದರ ಬಿಂಬ ರೆಟಿನಾದ ನಟ್ಟನಡುವಿನ ಅತಿ ಸೂಕ್ಷ್ಮ ಭಾಗದಲ್ಲಿ ಬೀಳುತ್ತದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿನವರ ಮುಖ ಗುರುತಿಸುವುದು ಎಲ್ಲವೂ ಈ ಪುಟ್ಟ ಭಾಗದಿಂದಲೇ.

ಸೂರ್ಯನನ್ನು ದಿಟ್ಟಿಸಿದಾಗ ಪೆಟ್ಟು ಬೀಳುವುದು ಇದೇ ಜಾಗಕ್ಕೆ. ಬರಿಗಣ್ಣಿನಲ್ಲಿ ನೋಡಿದಾಗ ಮುಖ್ಯವಾಗಿ ನೀಲಿ ಬೆಳಕು ಮತ್ತು ಅದರಾಚೆಯ ಅತಿನೇರಳೆ ಕಿರಣಗಳು ರೆಟಿನಾದ ಜೀವಕೋಶಗಳಲ್ಲಿ ರಾಸಾಯನಿಕ ಹಾನಿ ಮಾಡುತ್ತವೆ. ವೈದ್ಯರು ಇದನ್ನು ಸೋಲಾರ್ ರೆಟಿನೋಪಥಿ ಎನ್ನುತ್ತಾರೆ. ಟೆಲಿಸ್ಕೋಪ್ ಇಲ್ಲವೇ ಬೈನಾಕ್ಯುಲರ್‌ನಿಂದ ನೋಡಿದರೆ ಇದರ ಜೊತೆಗೆ ಶಾಖವೂ ಸೇರಿ ರೆಟಿನಾ ನೇರವಾಗಿ ಸುಟ್ಟುಹೋಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ನೆನಪಿಡಬೇಕು. ರೆಟಿನಾಕ್ಕೆ ನೋವು ತಿಳಿಯುವುದಿಲ್ಲ. ಬೆರಳಿಗೆ ಬೆಂಕಿ ತಾಗಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ರೆಟಿನಾ ಸುಡುವಾಗ ಅಂಥ ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಎಷ್ಟೋ ಸಲ ತೊಂದರೆ ಗೊತ್ತಾಗುವುದು ಕೆಲವು ಗಂಟೆಗಳ ನಂತರ ಅಥವಾ ಮರುದಿನ. "ನೋವಾದರೆ ಕಣ್ಣು ತೆಗೆಯುತ್ತೇನೆ" ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಮಕ್ಕಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಎಳೆಯ ಕಣ್ಣಿನ ಮಸೂರ ತುಂಬ ಸ್ವಚ್ಛವಾಗಿರುವುದರಿಂದ ಹಾನಿಕರ ಕಿರಣಗಳು ದೊಡ್ಡವರಿಗಿಂತ ಹೆಚ್ಚು ಪ್ರಮಾಣದಲ್ಲಿ ಒಳಗೆ ಹೋಗುತ್ತವೆ. ನಡುದೃಷ್ಟಿ ಹೋದ ಮಗುವಿಗೆ ಅಕ್ಕಪಕ್ಕ ಕಾಣುತ್ತದೆ, ನಡೆದಾಡಬಹುದು. ಆದರೆ ಪುಟದ ಮೇಲೆ ಕಣ್ಣಿಟ್ಟಲ್ಲೇ ಅಕ್ಷರ ಮಾಯವಾಗುತ್ತದೆ. ಶಾಲೆಯ ಪಾಠವಿರಲಿ, ಮದ್ರಸದ ಓದಿರಲಿ, ಎರಡಕ್ಕೂ ಇದು ಎಂಥ ಪೆಟ್ಟು ಎಂದು ಬೇರೆ ಹೇಳಬೇಕಿಲ್ಲ.

ಟೆಲಿಸ್ಕೋಪಿನಿಂದ ಅಪಾಯ ಹೆಚ್ಚು ಏಕೆ?

ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಸುಮಾರು 2 ಮಿಲಿಮೀಟರಿನಷ್ಟು ಕಿರಿದಾಗುತ್ತದೆ. ಮಕ್ಕಳ ಸಾಮಾನ್ಯ ಟೆಲಿಸ್ಕೋಪಿನ ಮುಂದಿನ ಗಾಜು 70 ಮಿಲಿಮೀಟರ್ ಅಗಲ. ಅಂದರೆ ಪಾಪೆಗಿಂತ 35 ಪಟ್ಟು ಅಗಲ. ವಿಸ್ತೀರ್ಣದಲ್ಲಿ ಲೆಕ್ಕ ಹಾಕಿದರೆ 35ನ್ನು 35ರಿಂದ ಗುಣಿಸಬೇಕು: 1,225 ಪಟ್ಟು. ಅಷ್ಟು ಬಿಸಿಲನ್ನು ಬಾಚಿ ಟೆಲಿಸ್ಕೋಪ್ ಒಂದು ಸಣ್ಣ ಕಂಡಿಯ ಮೂಲಕ ಕಣ್ಣಿನೊಳಗೆ ಸುರಿಯುತ್ತದೆ.

ಬರಿಗಣ್ಣಿನಲ್ಲಿ ರೆಟಿನಾದ ಮೇಲೆ ಬೀಳುವ ಸೂರ್ಯಬಿಂಬ ಸಾಸಿವೆ ಕಾಳಿಗಿಂತಲೂ ಬಹಳ ಚಿಕ್ಕದು. ಸುತ್ತಲಿನ ರಕ್ತಸಂಚಾರ ಅದರ ಶಾಖವನ್ನು ಸ್ವಲ್ಪ ಮಟ್ಟಿಗೆ ಹಂಚಿಕೊಳ್ಳುತ್ತದೆ. ಟೆಲಿಸ್ಕೋಪಿನಲ್ಲಿ ಬಿಂಬ ದೊಡ್ಡದಾಗಿ ಹರಡುವುದರಿಂದ ಶಾಖ ಹೊರಹೋಗಲು ದಾರಿಯೇ ಇರುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅನಾಹುತ ಮುಗಿದಿರುತ್ತದೆ.

ಇವು ಯಾವುವೂ ರಕ್ಷಣೆಯಲ್ಲ

ನಮ್ಮ ಊರುಗಳಲ್ಲಿ ಸೂರ್ಯನನ್ನು ನೋಡಲು ಬಳಸುವ ಹಲವು ಉಪಾಯಗಳಿವೆ. ಅವುಗಳನ್ನು ಒಂದೊಂದಾಗಿ ನೋಡೋಣ.

● ಕೂಲಿಂಗ್ ಗ್ಲಾಸ್: ಎಷ್ಟೇ ಕಪ್ಪಾಗಿರಲಿ, ಒಂದರ ಮೇಲೊಂದು ಎರಡು ಹಾಕಿಕೊಂಡರೂ ಸಾಲದು. ಕಣ್ಣಿಗೆ ಕತ್ತಲಾದಂತೆ ಅನಿಸಿ ಪಾಪೆ ಅಗಲವಾಗುತ್ತದೆ, ಹಾನಿಕರ ಕಿರಣ ಇನ್ನಷ್ಟು ಒಳನುಗ್ಗುತ್ತದೆ.

● ಎಕ್ಸ್‌ರೇ ಹಾಳೆ, ಫೋಟೋ ನೆಗೆಟಿವ್, ಸಿಡಿ: ಇವು ಕಣ್ಣಿಗೆ ಕಾಣುವ ಬೆಳಕನ್ನು ಕಡಿಮೆ ಮಾಡಬಹುದು. ಕಾಣದ ಶಾಖಕಿರಣಗಳನ್ನು ತಡೆಯುತ್ತವೆ ಎಂಬ ಭರವಸೆಯಿಲ್ಲ.

● ಮಸಿ ಹಿಡಿಸಿದ ಗಾಜು: ಮಸಿ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ, ಬೆರಳು ತಾಗಿದರೆ ಅಳಿಸಿಹೋಗುತ್ತದೆ.

● ಬಕೆಟ್ ನೀರಿನಲ್ಲಿ ಪ್ರತಿಬಿಂಬ: ನೀರಿಗೆ ಅರಿಶಿನ ಅಥವಾ ಸೆಗಣಿ ಕದಡಿದರೂ ನೀರಿನ ಮೇಲ್ಮೈಯಿಂದ ಚಿಮ್ಮುವ ಸೂರ್ಯನ ಬೆಳಕು ದಿಟ್ಟಿಸಿ ನೋಡುವಷ್ಟು ತಣ್ಣಗಾಗುವುದಿಲ್ಲ.

● ಗ್ರಹಣದ ಕನ್ನಡಕ ಧರಿಸಿ ಟೆಲಿಸ್ಕೋಪಿನಲ್ಲಿ ನೋಡುವುದು: ಇದು ಬಹಳ ದೊಡ್ಡ ತಪ್ಪು. ಒಳ್ಳೆಯ ಗ್ರಹಣ ಕನ್ನಡಕ ಬರಿಗಣ್ಣಿಗೆ ಮಾತ್ರ ಮಾಡಿದ್ದು. ಟೆಲಿಸ್ಕೋಪಿನಿಂದ ಸಾಂದ್ರವಾಗಿ ಹೊರಬರುವ ಬೆಳಕು ಆ ತೆಳು ಹಾಳೆಯನ್ನೇ ಸುಟ್ಟು ಕಣ್ಣಿಗೆ ನುಗ್ಗುತ್ತದೆ.

● ಕಣ್ಣಿಡುವ ಕಡೆ ತಿರುಗಿಸಿ ಹಾಕುವ ಸಣ್ಣ ಕಪ್ಪು ಗಾಜು: ಕೆಲವು ಅಗ್ಗದ ಟೆಲಿಸ್ಕೋಪುಗಳ ಪೆಟ್ಟಿಗೆಯಲ್ಲಿ "ಸನ್" ಎಂದು ಬರೆದ ಇಂಥ ಗಾಜು ಬರುತ್ತದೆ. ಮುಂದಿನ ಮಸೂರ ಒಟ್ಟುಗೂಡಿಸಿದ ಶಾಖವೆಲ್ಲ ಇದರ ಮೇಲೆ ಬೀಳುವುದರಿಂದ ಗಾಜು ಒಮ್ಮೆಲೇ ಬಿರಿಯಬಹುದು. ಆಗ ಕಣ್ಣು ಅಲ್ಲೇ ಇರುತ್ತದೆ. ಇದು ಸಿಕ್ಕಿದರೆ ಜಜ್ಜಿ ಕಸಕ್ಕೆ ಹಾಕಿ. ಮಕ್ಕಳ ಕೈಗೆ ಸಿಗದಿರಲಿ.

ಸರಿಯಾದ ಫಿಲ್ಟರ್ ಯಾವುದು?

ನಿಯಮ ಒಂದೇ: ಬೆಳಕನ್ನು ಟೆಲಿಸ್ಕೋಪಿನೊಳಗೆ ಹೋಗುವ ಮೊದಲೇ ತಡೆಯಬೇಕು. ಅಂದರೆ ಫಿಲ್ಟರ್ ಸೂರ್ಯನ ಕಡೆಗಿರುವ ದೊಡ್ಡ ಬಾಯಿಗೆ ಪೂರ್ತಿ ಮುಚ್ಚುವಂತೆ ಇರಬೇಕು. ಇದಕ್ಕೆಂದೇ ಲೋಹಲೇಪಿತ ಗಾಜು ಮತ್ತು ಬೆಳ್ಳಿಹಾಳೆಯಂತಹ ಫಿಲ್ಮ್ ಸಿಗುತ್ತವೆ. ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಫಿಲ್ಮ್ ಹವ್ಯಾಸಿಗಳಲ್ಲಿ ಪರಿಚಿತವಾದದ್ದು. ಕಣ್ಣಿನಿಂದ ನೋಡುವುದಕ್ಕೆ ಸಾಂದ್ರತೆ 5.0 ಎಂದು ಬರೆದಿರುವುದನ್ನೇ ಕೊಳ್ಳಬೇಕು. ಇದು ಸೂರ್ಯನ ಬೆಳಕಿನ ಒಂದು ಲಕ್ಷದ ಒಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. 3.8 ಎಂದು ಬರೆದಿರುವುದು ಕ್ಯಾಮೆರಾಕ್ಕೆ, ಕಣ್ಣಿಗಲ್ಲ.

ಫಿಲ್ಟರ್ ಇದ್ದ ಮಾತ್ರಕ್ಕೆ ಸಾಲದು. ನೋಡುವ ಕ್ರಮ ಹೀಗಿರಲಿ:

1. ಪ್ರತಿ ಸಲವೂ ಫಿಲ್ಟರನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ. ಸೂಜಿಮೊನೆಯಷ್ಟು ತೂತು, ಗೀರು ಅಥವಾ ಹರಿದ ಅಂಚು ಕಂಡರೆ ಬಳಸಬೇಡಿ.

2. ಟೆಲಿಸ್ಕೋಪ್ ನೆಲದ ಕಡೆ ಅಥವಾ ಸೂರ್ಯನಿಗೆ ವಿರುದ್ಧವಾಗಿ ತಿರುಗಿರುವಾಗಲೇ ಫಿಲ್ಟರ್ ಹಾಕಿ. ಗಾಳಿಗೆ ಹಾರದಂತೆ, ಮಕ್ಕಳ ಕೈತಾಗಿ ಬೀಳದಂತೆ ಟೇಪಿನಿಂದ ಬಿಗಿಮಾಡಿ.

3. ಪಕ್ಕದಲ್ಲಿರುವ ಪುಟ್ಟ ಗುರಿಕೊಳವೆಯನ್ನು ಕಳಚಿ ತೆಗೆಯಿರಿ, ಇಲ್ಲವೇ ಎರಡೂ ಕಡೆ ಮುಚ್ಚಿ. ದೊಡ್ಡದಕ್ಕೆ ಫಿಲ್ಟರ್ ಹಾಕಿ ಇದನ್ನು ಮರೆತರೆ ಮಗು ಮೊದಲು ಕಣ್ಣಿಡುವುದು ಇದಕ್ಕೇ.

4. ಗುರಿ ಹಿಡಿಯಲು ಕಣ್ಣು ಬೇಡ, ನೆರಳು ಸಾಕು. ಟೆಲಿಸ್ಕೋಪಿನ ನೆರಳು ನೆಲದ ಮೇಲೆ ಉದ್ದವಾಗಿದ್ದರೆ ಗುರಿ ಸೂರ್ಯನತ್ತ ಇಲ್ಲ. ನೆರಳು ಕುಗ್ಗಿ ಕೊಳವೆಯಷ್ಟೇ ದುಂಡಗಾದಾಗ ಸೂರ್ಯ ಸಿಕ್ಕಿದ ಎಂದರ್ಥ.

5. ದೊಡ್ಡವರೊಬ್ಬರು ಮೊದಲಿನಿಂದ ಕೊನೆಯವರೆಗೂ ಪಕ್ಕದಲ್ಲಿರಲಿ. ಫೋನ್ ಬಂತೆಂದು, ಚಹಾ ಆಯಿತೆಂದು ಬಿಟ್ಟುಹೋಗಬೇಡಿ. ಹೋಗಲೇಬೇಕಾದರೆ ಟೆಲಿಸ್ಕೋಪನ್ನು ಕೆಳಗೆ ತಿರುಗಿಸಿ ಮುಚ್ಚಿ ಹೋಗಿ.

6. ಮುಗಿದ ಮೇಲೆ ಮೊದಲು ಸೂರ್ಯನಿಂದ ಬೇರೆಡೆಗೆ ತಿರುಗಿಸಿ, ಆಮೇಲೆ ಫಿಲ್ಟರ್ ತೆಗೆಯಿರಿ.

ಕಿಟಕಿಯ ಬಳಿ ಮುಚ್ಚಳ ತೆಗೆದಿಟ್ಟ ಟೆಲಿಸ್ಕೋಪ್ ಪರದೆಗೆ, ಕಾಗದಕ್ಕೆ ಬೆಂಕಿ ಹೊತ್ತಿಸಬಲ್ಲದು ಎಂಬುದೂ ನೆನಪಿರಲಿ.

ಕಣ್ಣಿಡದೆಯೇ ನೋಡುವ ದಾರಿ

ಗೆಲಿಲಿಯೋ ಸೂರ್ಯನನ್ನು ನೋಡಿಯೇ ಕುರುಡನಾದ ಎಂಬ ಮಾತು ಪ್ರಚಾರದಲ್ಲಿದೆ. ಅದು ನಿಜವಲ್ಲ. ಅವನು ಸೂರ್ಯನ ಕಲೆಗಳನ್ನು ಗಮನಿಸಿದ್ದು 1612ರ ಸುಮಾರಿಗೆ. ದೃಷ್ಟಿ ಹೋದದ್ದು ಕಾಲು ಶತಮಾನ ಕಳೆದು, ಮುಪ್ಪಿನಲ್ಲಿ, ಬೇರೆ ಕಣ್ಣಿನ ರೋಗದಿಂದ. ಅವನ ಶಿಷ್ಯ ಕಾಸ್ಟೆಲ್ಲಿ ಒಂದು ಸುರಕ್ಷಿತ ಉಪಾಯ ಕಂಡುಕೊಂಡಿದ್ದ: ಟೆಲಿಸ್ಕೋಪಿಗೆ ಕಣ್ಣಿಡುವ ಬದಲು ಅದರ ಹಿಂದೆ ಬಿಳಿ ಕಾಗದ ಹಿಡಿದು ಬಿಂಬವನ್ನು ಅದರ ಮೇಲೆ ಬೀಳಿಸುವುದು. ಗೆಲಿಲಿಯೋ ದಿನದಿನವೂ ಚಿತ್ರ ಬರೆದದ್ದು ಈ ಕಾಗದದ ಮೇಲೆಯೇ.

ಇಂದಿಗೂ ಈ ವಿಧಾನ ಬಳಕೆಯಲ್ಲಿದೆ. ಆದರೆ ಗಾಜಿನ ಮಸೂರವಿರುವ ಸಣ್ಣ, ಸರಳ ಟೆಲಿಸ್ಕೋಪಿಗೆ ಮಾತ್ರ ಇದು ಸರಿ. ಒಳಗೆ ಕನ್ನಡಿ ಮತ್ತು ಮಸೂರ ಎರಡೂ ಇರುವ ಗಿಡ್ಡ ಕೊಳವೆಯವು ಶಾಖಕ್ಕೆ ಹಾಳಾಗುತ್ತವೆ. ಪ್ಲಾಸ್ಟಿಕ್ ಭಾಗಗಳು ಕರಗಬಹುದು. ಅಲ್ಲದೆ ಇಲ್ಲಿ ಫಿಲ್ಟರ್ ಇರುವುದಿಲ್ಲವಾದ್ದರಿಂದ ಕುತೂಹಲದ ಮಗು ಒಂದು ಕ್ಷಣ ಇಣುಕಿದರೂ ಮುಗಿಯಿತು. ಪುಟ್ಟ ಮಕ್ಕಳಿರುವ ಮನೆಗೆ ಈ ವಿಧಾನ ಬೇಡ.

ಅಂಥ ಮನೆಗೆ ಅತ್ಯಂತ ಸುರಕ್ಷಿತವಾದ, ಖರ್ಚಿಲ್ಲದ ದಾರಿ ಬೇರೆಯೇ ಇದೆ. ಒಂದು ಸಣ್ಣ ಮುಖ ನೋಡುವ ಕನ್ನಡಿ ತೆಗೆದುಕೊಳ್ಳಿ. 5 ಮಿಲಿಮೀಟರ್ ಅಗಲದ ತೂತು ಮಾಡಿದ ದಪ್ಪ ಕಾಗದದಿಂದ ಅದನ್ನು ಮುಚ್ಚಿ ಅಂಟಿಸಿ. ಅದನ್ನು ಅಂಗಳದ ಬಿಸಿಲಿನಲ್ಲಿ ಕುರ್ಚಿಯ ಮೇಲೆ ಅಲುಗಾಡದಂತೆ ಇಟ್ಟು ಬೆಳಕು ಬಾಗಿಲಿನ ಮೂಲಕ ಕತ್ತಲೆ ಕೋಣೆಯ ಬಿಳಿ ಗೋಡೆಗೆ ಬೀಳುವಂತೆ ಮಾಡಿ. ಕನ್ನಡಿಯಿಂದ ಗೋಡೆಗೆ 10 ಮೀಟರ್ ದೂರವಿದ್ದರೆ ಸುಮಾರು 9 ಸೆಂಟಿಮೀಟರ್ ಅಗಲದ ದುಂಡು ಸೂರ್ಯ ಗೋಡೆಯ ಮೇಲೆ ಮೂಡುತ್ತಾನೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದು. ಒಂದೇ ಷರತ್ತು: ಎಲ್ಲರ ಕಣ್ಣು ಗೋಡೆಯ ಮೇಲಿರಲಿ, ಕನ್ನಡಿಯ ಕಡೆಗೆ ಯಾರೂ ನೋಡಬಾರದು.

ಸಣ್ಣ ತೂತಿನಿಂದ ಬಿಂಬ ಮೂಡುವ ಈ ಗುಟ್ಟನ್ನು ಸಾವಿರ ವರ್ಷಗಳ ಹಿಂದೆಯೇ ಆಳವಾಗಿ ಅಧ್ಯಯನ ಮಾಡಿದವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ್ದ ಇಬ್ನುಲ್ ಹೈಸಮ್. ಗ್ರಹಣದ ವೇಳೆ ತೂತಿನ ಮೂಲಕ ಬಿದ್ದ ಬೆಳಕು ಏಕೆ ಕುಡುಗೋಲಿನಾಕಾರದಲ್ಲಿರುತ್ತದೆ ಎಂಬುದರ ಮೇಲೆಯೇ ಅವರು ಒಂದು ಪ್ರಬಂಧ ಬರೆದರು. ಪ್ರಖರ ಸೂರ್ಯನನ್ನು ನೋಡಿದರೆ ಕಣ್ಣಿಗೆ ಬಾಧೆಯಾಗುತ್ತದೆ ಎಂಬುದನ್ನು ಅವರು, ಬೆಳಕು ಹೊರಗಿನಿಂದ ಕಣ್ಣಿಗೆ ಬರುತ್ತದೆ ಎಂದು ವಾದಿಸುವಾಗ ಆಧಾರವಾಗಿ ಕೊಟ್ಟರು.

ಏನು ಕಾಣುತ್ತದೆ?

ಇಷ್ಟೆಲ್ಲ ಎಚ್ಚರವಹಿಸಿ ನೋಡಿದ್ದಕ್ಕೆ ಫಲವೂ ದೊಡ್ಡದೇ. ಫಿಲ್ಟರ್ ಹಾಕಿದ ಸಣ್ಣ ಟೆಲಿಸ್ಕೋಪಿನಲ್ಲಿ ಸೂರ್ಯ ಬಿಳಿ ತಟ್ಟೆಯಂತೆ ಕಾಣುತ್ತಾನೆ, ಅಂಚಿನಲ್ಲಿ ಬೆಳಕು ತುಸು ಮಂದ. ತಟ್ಟೆಯ ಮೇಲೆ ಶಾಯಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳಿರುತ್ತವೆ. ಇವೇ ಸೂರ್ಯಕಲೆಗಳು. ಸೂರ್ಯನ ಮೇಲ್ಮೈಯ ಶಾಖ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕಲೆಗಳಿರುವಲ್ಲಿ ಅದು ಒಂದೆರಡು ಸಾವಿರ ಡಿಗ್ರಿ ಕಡಿಮೆ, ಹಾಗಾಗಿ ಕಪ್ಪಾಗಿ ಕಾಣುತ್ತವೆ. ಸಾಸಿವೆಯಂತೆ ಕಾಣುವ ಒಂದು ಕಲೆ ನಮ್ಮ ಇಡೀ ಭೂಮಿಯಷ್ಟು ದೊಡ್ಡದಿರಬಹುದು. ಏಕೆಂದರೆ ಸೂರ್ಯನ ಅಡ್ಡಳತೆಗೆ 109 ಭೂಮಿಗಳನ್ನು ಸಾಲಾಗಿ ಇಡಬಹುದು.

ಮಕ್ಕಳಿಗೆ ಒಂದು ರಜೆಯ ಕೆಲಸ ಕೊಡಿ. ಪುಸ್ತಕದಲ್ಲಿ ಒಂದೇ ಅಳತೆಯ ವೃತ್ತಗಳನ್ನು ಬರೆದಿಟ್ಟು ಪ್ರತಿದಿನ ಬೆಳಿಗ್ಗೆ ಕಲೆಗಳನ್ನು ಗುರುತು ಹಾಕಲಿ. ಎರಡು ವಾರದೊಳಗೆ ಒಂದು ಕಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗಿ ಮರೆಯಾಗುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಸೂರ್ಯ ತನ್ನ ಸುತ್ತ ತಾನೇ ತಿರುಗುತ್ತಾನೆ, ನಮಗೆ ಕಾಣುವಂತೆ ಸುಮಾರು 27 ದಿನಕ್ಕೊಂದು ಸುತ್ತು, ಎಂಬ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಲೆಗಳ ಸಂಖ್ಯೆ ಸುಮಾರು 11 ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಕೆಲವು ವರ್ಷ ತಟ್ಟೆ ತುಂಬ ಕಲೆಗಳಿದ್ದರೆ ಇನ್ನು ಕೆಲವು ವರ್ಷ ಬರೀ ಬಿಳಿ ತಟ್ಟೆಯೇ ಕಾಣಬಹುದು.

ರಜೆಗೆ ಕೊಡೈಕನಾಲಿಗೆ ಹೋಗುವವರು ಅಲ್ಲಿನ ಸರೋವರ ನೋಡಿ ಹಿಂದಿರುಗದೆ ಗುಡ್ಡದ ಮೇಲಿನ ಸೌರ ವೀಕ್ಷಣಾಲಯಕ್ಕೂ ಭೇಟಿ ಕೊಡಿ. 1899ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆದಿಡುತ್ತ ಬಂದಿದ್ದಾರೆ. ಇದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್-1 ನೌಕೆಯ ಮುಖ್ಯ ಉಪಕರಣವನ್ನು ತಯಾರಿಸಿದ್ದೂ ಇದೇ ಸಂಸ್ಥೆ.

ಗ್ರಹಣದ ದಿನ ಹೆಚ್ಚು ಎಚ್ಚರ

2019ರ ಡಿಸೆಂಬರ್ 26ರಂದು ಕಾಸರಗೋಡು ಮತ್ತು ಮಂಗಳೂರು ಕರಾವಳಿಯಲ್ಲಿ ಸೂರ್ಯ ಬಳೆಯಂತೆ ಕಂಡದ್ದು ಹಲವರಿಗೆ ನೆನಪಿದೆ. ಮುಂದೆ 2027ರ ಆಗಸ್ಟ್ 2ರಂದು ಪೂರ್ಣ ಸೂರ್ಯಗ್ರಹಣವಿದೆ. ಅದರ ನೆರಳು ಈಜಿಪ್ಟಿನ ಲುಕ್ಸರ್ ದಾಟಿ ಜಿದ್ದಾ ಮತ್ತು ಮಕ್ಕಾದ ಮೇಲೆ ಹಾದುಹೋಗುತ್ತದೆ. ಲುಕ್ಸರ್ ಬಳಿ ಸೂರ್ಯ ಆರು ನಿಮಿಷಕ್ಕೂ ಹೆಚ್ಚು ಕಾಲ ಪೂರ್ತಿ ಮರೆಯಾಗಿರುತ್ತಾನೆ. ಉಮ್ರಾಕ್ಕೆ ಹೋದವರು, ಅಲ್ಲಿ ಉದ್ಯೋಗದಲ್ಲಿರುವವರ ಮನೆಮಂದಿ ಇದನ್ನು ಕಾಣಲಿದ್ದಾರೆ. ನಮ್ಮ ಕರಾವಳಿಯಲ್ಲಿ ಅಂದು ಸಂಜೆಯ ಕಡೆಗೆ ಭಾಗಶಃ ಗ್ರಹಣ ಮಾತ್ರ.

ಗ್ರಹಣದ ಹೊತ್ತಿನಲ್ಲಿ ಬೆಳಕು ಮಂದವಾಗುವುದರಿಂದ ಸೂರ್ಯನನ್ನು ದಿಟ್ಟಿಸಲು ಕಷ್ಟವೆನಿಸುವುದಿಲ್ಲ. ಅಪಾಯ ಇರುವುದು ಅಲ್ಲೇ. ಮರೆಯಾಗದೆ ಉಳಿದ ಸಣ್ಣ ಎಳೆಯೂ ರೆಟಿನಾವನ್ನು ಸುಡಬಲ್ಲದು. ಬಳೆಯಾಕಾರದ ಗ್ರಹಣ, ಭಾಗಶಃ ಗ್ರಹಣ ಇವುಗಳಲ್ಲಿ ಒಂದು ಕ್ಷಣವೂ ಬರಿಗಣ್ಣು ಸಲ್ಲದು. ಪೂರ್ಣಗ್ರಹಣದ ದಾರಿಯಲ್ಲಿರುವವರಿಗೂ ಸೂರ್ಯ ಸಂಪೂರ್ಣ ಮುಚ್ಚಿಹೋದ ಆ ಕೆಲವು ನಿಮಿಷ ಮಾತ್ರ ಇದಕ್ಕೆ ಹೊರತು.

ಗ್ರಹಣದ ನಮಾಝ್‌ಗೆ ಮಸೀದಿಗೆ ಹೋಗುವ ಮಕ್ಕಳು ಅಂಗಳದಲ್ಲಿ ನಿಂತು ಆಕಾಶ ನೋಡುವುದು ಸಹಜ. ಹಿರಿಯರು ಮೊದಲೇ ತಿಳಿಹೇಳಲಿ. ಮಾವಿನ ಮರದ ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ನೂರಾರು ಪುಟ್ಟ ಬೆಳಕಿನ ಕುಡುಗೋಲುಗಳನ್ನು ತೋರಿಸಲಿ. ಅದಕ್ಕೆ ಯಾವ ಉಪಕರಣವೂ ಬೇಡ.

ಶುಚಿತ್ವ ಮತ್ತು ಬಿಸಿಲು

ಹತ್ತು ಮಕ್ಕಳು ಒಂದೇ ಕಡೆ ಕಣ್ಣಿಟ್ಟು ನೋಡುವಾಗ ಕೆಂಗಣ್ಣು ರೋಗ ಸುಲಭವಾಗಿ ಹರಡುತ್ತದೆ. ಕಣ್ಣು ಕೆಂಪಾಗಿ ಪಿಸುರು ಬರುತ್ತಿರುವವರು ಆ ದಿನ ಗೋಡೆಯ ಮೇಲಿನ ಬಿಂಬ ನೋಡಿ ತೃಪ್ತಿಪಡಲಿ. ಉಳಿದವರು ಸೋಪಿನಿಂದ ಕೈ ತೊಳೆದು ಬರಲಿ. ಕಣ್ಣಿಡುವ ಭಾಗದ ರಬ್ಬರ್ ಅಂಚನ್ನು ಆಗಾಗ ಶುಚಿ ಬಟ್ಟೆಯಿಂದ ಒರೆಸಿ. ಸುರುಮ, ಕಾಡಿಗೆ ಹಚ್ಚಿದವರು ಮೊದಲು ಮುಖ ತೊಳೆಯುವುದು ಒಳ್ಳೆಯದು. ಒಬ್ಬರ ಕಣ್ಣಿನದು ಇನ್ನೊಬ್ಬರ ಕಣ್ಣಿಗೆ ಅಂಟಬಾರದು, ಮಸೂರಕ್ಕೂ ಮೆತ್ತಬಾರದು.

ನೋಡಲು ಬೆಳಗಿನ ಹೊತ್ತೇ ಲೇಸು. ನೆಲ ಕಾಯುವ ಮೊದಲು ಗಾಳಿ ಶಾಂತವಾಗಿರುವುದರಿಂದ ಬಿಂಬ ನಡುಗುವುದಿಲ್ಲ, ಬಿಸಿಲೂ ಕಡಿಮೆ. 11ರಿಂದ 3 ಗಂಟೆಯವರೆಗೆ ಮಕ್ಕಳನ್ನು ಬಯಲಿನಲ್ಲಿ ನಿಲ್ಲಿಸಬೇಡಿ. ತಲೆಗೆ ಟೋಪಿ ಅಥವಾ ಬಟ್ಟೆ, ಕೈಯಲ್ಲಿ ನೀರಿನ ಬಾಟಲಿ ಇರಲಿ. ತಲೆಸುತ್ತು, ವಾಂತಿ, ವಿಪರೀತ ಸುಸ್ತು ಕಂಡರೆ ಕೂಡಲೇ ನೆರಳಿಗೆ ಕರೆದೊಯ್ದು ಮೈಗೆ ತಣ್ಣೀರು ಬಟ್ಟೆ ಹಾಕಿ. ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ತಪ್ಪಿ ನೋಡಿಬಿಟ್ಟರೆ?

ಮಗು ಸೂರ್ಯನನ್ನು ನೇರವಾಗಿ ನೋಡಿತೆಂದು ಗೊತ್ತಾದರೆ ಬೈಯಬೇಡಿ. ಬೈದರೆ ಮಕ್ಕಳು ತೊಂದರೆಯನ್ನು ಮುಚ್ಚಿಡುತ್ತಾರೆ. ಈ ಲಕ್ಷಣಗಳನ್ನು ವಿಚಾರಿಸಿ:

● ನೋಟದ ನಡುವೆ ಕಪ್ಪು ಅಥವಾ ಹಳದಿ ಚುಕ್ಕೆ ನಿಂತಿದೆಯೇ?
● ಅಕ್ಷರಗಳು ಮಸುಕಾಗಿವೆಯೇ, ನಡುವಿನ ಅಕ್ಷರ ಕಾಣುತ್ತಿಲ್ಲವೇ?
● ನೇರ ಗೆರೆ ಡೊಂಕಾಗಿ ಕಾಣುತ್ತಿದೆಯೇ?
● ಬಣ್ಣಗಳು ಬದಲಾದಂತಿವೆಯೇ? ಬೆಳಕು ಸಹಿಸಲಾಗುತ್ತಿಲ್ಲವೇ? ತಲೆನೋವಿದೆಯೇ?

ಚೌಕಗೆರೆಯ ಗಣಿತ ಪುಸ್ತಕದ ಒಂದು ಹಾಳೆಯ ನಡುವೆ ಚುಕ್ಕೆಯಿಟ್ಟು ಒಂದು ಕಣ್ಣು ಮುಚ್ಚಿಸಿ ಇನ್ನೊಂದರಿಂದ ಆ ಚುಕ್ಕೆಯನ್ನೇ ನೋಡಲು ಹೇಳಿ. ಸುತ್ತಲಿನ ಗೆರೆಗಳು ಬಾಗಿದಂತೆ, ಅಳಿಸಿದಂತೆ ಕಂಡರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಲಕ್ಷಣಗಳು ತಡವಾಗಿ ಬರುವುದರಿಂದ ಮರುದಿನವೂ ಮತ್ತೆ ಪರೀಕ್ಷಿಸಿ. ಟೆಲಿಸ್ಕೋಪ್ ಅಥವಾ ಬೈನಾಕ್ಯುಲರ್‌ನಲ್ಲಿ ನೋಡಿದ್ದರೆ ಲಕ್ಷಣಕ್ಕಾಗಿ ಕಾಯಲೇಬೇಡಿ. ಮನೆಯಲ್ಲಿದ್ದ ಹಳೆಯ ಕಣ್ಣಿನ ಹನಿಯಾಗಲಿ, ಜೇನು, ಹಾಲು, ಗುಲಾಬಿ ನೀರಾಗಲಿ ಹಾಕಬೇಡಿ. ಪೆಟ್ಟಾಗಿರುವುದು ಕಣ್ಣಿನ ಹಿಂಭಾಗಕ್ಕೆ. ಮುಂದೆ ಸುರಿದ ಯಾವ ಮದ್ದೂ ಅಲ್ಲಿಗೆ ತಲುಪಿ ಗುಣಮಾಡುವುದಿಲ್ಲ.

ಇದಕ್ಕೆ ಖಚಿತವಾದ ಚಿಕಿತ್ಸೆ ಎಂಬುದಿಲ್ಲ. ಬರಿಗಣ್ಣಿನಲ್ಲಿ ನೋಡಿದವರಲ್ಲಿ ಅನೇಕರ ದೃಷ್ಟಿ ಮೂರರಿಂದ ಆರು ತಿಂಗಳಲ್ಲಿ ಬಹುಮಟ್ಟಿಗೆ ಮರಳುತ್ತದೆ. ಕೆಲವರಿಗೆ ಆ ಚುಕ್ಕೆ ಜೀವನಪೂರ್ತಿ ಉಳಿಯುತ್ತದೆ. ಟೆಲಿಸ್ಕೋಪಿನಿಂದ ಸುಟ್ಟದ್ದಾದರೆ ಮರಳುವ ಆಸೆ ಇನ್ನೂ ಕಡಿಮೆ.

ಆದ್ದರಿಂದ ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಮನೆಯಲ್ಲಿ ಟೆಲಿಸ್ಕೋಪ್ ಅಥವಾ ಬೈನಾಕ್ಯುಲರ್ ಇದ್ದರೆ ಅದರ ಪೆಟ್ಟಿಗೆ ತೆರೆದು ನೋಡಿ. ಕಣ್ಣಿಡುವ ಕಡೆಗೆ ಹಾಕುವ "ಸನ್" ಗಾಜು ಇದ್ದರೆ ತೆಗೆದು ಕಸಕ್ಕೆ ಹಾಕಿ. ಕೊಳವೆಯ ಮೇಲೆ ಮಗುವಿನ ಕೈಯಿಂದಲೇ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಬರೆಸಿ ಅಂಟಿಸಿ: "ಮುಂದೆ ಫಿಲ್ಟರ್ ಇಲ್ಲದೆ ಸೂರ್ಯನ ಕಡೆ ತಿರುಗಿಸಬೇಡ. ದೊಡ್ಡವರಿಲ್ಲದೆ ಹಗಲು ಮುಟ್ಟಬೇಡ." ತಾನೇ ಬರೆದದ್ದನ್ನು ಮಗು ಮರೆಯುವುದಿಲ್ಲ.